ತೆಂಗಿನ ಚಿಪ್ಪಿನಲ್ಲಿ ಬೂದಿ

1908 ಸೆಪ್ಟೆಂಬರ್ 14, ಸೋಮವಾರ. ಮೊಳಕಾಲ್ಮುರು

‘ಹಚ್ಚದ ದೀಪದ ಮುಂದೆ ಕುಳಿತವಳೆ…’ ಮುಂದಿನ ಅರ್ಧ ಏನು? ಅಪ್ಪ ಸಂಜೆ ಶಾಲೆ ಮುಗಿಸಿ ಬಂದು ಜಗಲಿಯಲ್ಲಿ ಹಾಡಿಕೊಳ್ಳುತ್ತಿದ್ದ ಪದ. ಅವರ ಧ್ವನಿ ಕಿವಿಯಲ್ಲಿದೆ, ಮಾತು ಜಾರಿಹೋಗಿದೆ. ಅದಲ್ಲದೆ ಈಗೊಂದು ಅನುಮಾನ. ಹಚ್ಚದ ದೀಪದ ಮುಂದೆ ಯಾರಾದರೂ ಯಾಕೆ ಕೂರುತ್ತಾರೆ? ಎಣ್ಣೆ ಇಲ್ಲವೆಂದೋ, ಹಚ್ಚಬೇಕಾದವರು ಬರಲಿಲ್ಲವೆಂದೋ?

ಇದು ನೆನಪಾದದ್ದು ಇವತ್ತು ಮಧ್ಯಾಹ್ನ ಟಪ್ಪಾಲಿನವನು ತಂದ ಕಟ್ಟಿನಿಂದ. ಮದರಾಸಿನಿಂದ ಅಳಿಯ ಗೋವಿಂದಪ್ಪ ಕಳಿಸಿದ್ದು. ಗೋಣಿ ಬಿಚ್ಚಿದರೆ ಒಳಗೆ ಮರದ ಚೌಕಟ್ಟಿಗೆ ಬಿಗಿದ ಬಟ್ಟೆ, ಬಟ್ಟೆಯ ಮೇಲೆ ಎಣ್ಣೆಬಣ್ಣದ ಚಿತ್ರ. ಗೋಣಿಯನ್ನು ಎರಡು ಸಲ ಕೊಡವಿದೆವು. ಕಾಗದ ಇರಲಿಲ್ಲ.

ಅವನು ಹೋಗಿ ಒಂದೂವರೆ ವರ್ಷವಾಯಿತು. ಮಗ್ಗ ನೇಯ್ದುಕೊಂಡು, ಬೀದಿಯವರಿಗೆಲ್ಲ ಸೀರೆಯ ಅಂಚಿನ ನವಿಲು, ಹಂಸ ಬರೆದುಕೊಡುತ್ತಿದ್ದವನು. ಚಿತ್ರ ಕಲಿಯುತ್ತೇನೆ, ವರ್ಷದೊಳಗೆ ಬರುತ್ತೇನೆ ಎಂದು ಹೊರಟ. ಮೊದಮೊದಲು ತಿಂಗಳಿಗೊಂದು ಕಾಗದ ಬರುತ್ತಿತ್ತು. ನಾಲ್ಕು ತಿಂಗಳಿಂದ ಅದೂ ಇಲ್ಲ. ಅದಕ್ಕೇ ನಾನು ಚಳ್ಳಕೆರೆಯಿಂದ ಗಾಡಿ ಕಟ್ಟಿಸಿಕೊಂಡು, ಬಿ.ಜಿ. ಕೆರೆಯಲ್ಲಿ ಒಂದು ರಾತ್ರಿ ತಂಗಿ, ಶನಿವಾರ ಇಲ್ಲಿಗೆ ಬಂದದ್ದು. ಚಿನ್ನಕ್ಕನನ್ನು ಕರೆದುಕೊಂಡು ಹೋಗಬೇಕು. ಇಪ್ಪತ್ತಮೂರು ವರ್ಷದ ಮಗಳು, ಕಣ್ಣು ಮಂಜಾದ ಮಾವನಿಗೆ ಬೇಯಿಸಿ ಹಾಕುತ್ತ, ನಿಂತುಹೋದ ಮಗ್ಗದ ಪಕ್ಕ ಇನ್ನೆಷ್ಟು ದಿನ ಕಾಯಬೇಕು?

ಚಿತ್ರದಲ್ಲಿ ಮನುಷ್ಯರಿಲ್ಲ. ಒಂದು ಹಲಗೆ. ಹಲಗೆಯ ಮೇಲೆ ಹಿತ್ತಾಳೆ ದೀಪ; ಬತ್ತಿ ಇದೆ, ಹಚ್ಚಿಲ್ಲ. ನೂಲಿಲ್ಲದ ಲಾಳಿ. ಬಾಚಣಿಗೆಯಂಥ ಒಂದು ಉದ್ದನೆಯ ಪಟ್ಟಿ, ಅದರ ಹಲ್ಲುಗಳಿಂದ ಹೊರಬಂದು ಜೋತುಬಿದ್ದ ಕೆಂಪು ರೇಷ್ಮೆ ಎಳೆಗಳು, ತುದಿ ಕತ್ತರಿಸಿದವು. ಎರಡು ಹೋಳು ಮಾಡಿದ ಸೀತಾಫಲ. ಒಂದು ಹೋಳು ತಿಂದಿದೆ, ಇನ್ನೊಂದು ಹಾಗೇ ಇದೆ. ತೆಂಗಿನ ಚಿಪ್ಪಿನಲ್ಲಿ ಒಂದು ಹಿಡಿ ಬೂದಿ. ಎಲ್ಲದರ ಮೇಲೂ ಎಡಗಡೆಯಿಂದ ಓರೆಯಾಗಿ ಬಿದ್ದ ಹೊಂಬಿಸಿಲು.

ಎಷ್ಟು ಚೆನ್ನಾಗಿ ಬರೆದಿದ್ದಾನೆಂದರೆ ಬೂದಿಯ ಹತ್ತಿರ ಉಸಿರು ಬಿಡಲು ಹೆದರಿಕೆಯಾಗುತ್ತದೆ.

ಸೆಪ್ಟೆಂಬರ್ 15, ಮಂಗಳವಾರ

ಬೆಳಿಗ್ಗೆ ಮತ್ತೆ ನೋಡಿದೆ. ಪದ್ಯ ಓದುವಾಗ ಅಪ್ಪ ಹೇಳುತ್ತಿದ್ದರು, ಮೊದಲು ಭಾವ ಹಿಡಿ, ಆಮೇಲೆ ಅರ್ಥಕ್ಕೆ ಹೋಗು ಎಂದು. ಇಲ್ಲಿ ಭಾವ ಸಂಜೆಯದು. ಕೆಲಸ ಮುಗಿದ ಮನೆ. ಹಚ್ಚದ ದೀಪವೆಂದರೆ ಕಾಯುವವರು ಇಲ್ಲದ ಮನೆ. ಖಾಲಿ ಲಾಳಿಯೆಂದರೆ ಓಡಾಟ ನಿಂತದ್ದು. ಕಡಿದ ಎಳೆ, ಹೇಳಬೇಕಾಗಿಯೇ ಇಲ್ಲ, ಸಂಬಂಧ. ತಿಂದು ಬಿಟ್ಟ ಹಣ್ಣು ಮುಗಿದ ಸುಖ. ಕೊನೆಗೆ ಬೂದಿ. ಎಲ್ಲ ಆಸೆ ಸುಟ್ಟವನು ಮೈಗೆ ಬಳಿದುಕೊಳ್ಳುವುದು ಅದನ್ನೇ ಅಲ್ಲವೆ? ಕಾಗದ ಬರೆಯಲು ಬಾಯಿ ಬಾರದೆ ಚಿತ್ರ ಕಳಿಸಿದ್ದಾನೆ.

ಒಪ್ಪಿಕೊಳ್ಳುತ್ತೇನೆ, ಒಂದಕ್ಕೊಂದು ಹೊಂದಿಕೊಂಡಾಗ ಸ್ವಲ್ಪ ಖುಷಿಯೂ ಆಯಿತು. ಕಷ್ಟದ ಪದ್ಯವೊಂದು ಬಿಡಿಸಿಕೊಂಡಂತೆ.

ಬೀಗರು ಪಾತಣ್ಣ ಚಿತ್ರವನ್ನು ಮೂಗಿನವರೆಗೆ ತಂದುಕೊಂಡರು. ಕಣ್ಣಿಗೆ ಬಣ್ಣಗಳು ಬೆರೆತು ಕಾಣುತ್ತವಂತೆ, ವಾಸನೆ ಮಾತ್ರ ಸಿಕ್ಕಿತು.

“ಅಗಸೆ ಎಣ್ಣೆ. ಎಣ್ಣೇನ ಗೋಡೆಗೆ ತೂಗಾಕೋದು ಕಲಿಯಾಕೆ ಮದರಾಸಿಗೆ ಹೋಗ್ಬೇಕಿತ್ತಾ ಇವ್ನು? ಏನೇನ್ ಬರ್ದವ್ನೆ ಅಮ್ಮಯ್ಯ?”

“ದೀಪ ಐತೆ ಅಣ್ಣಾ. ಹಣ್ಣು ಐತೆ,” ಎಂದೆ. ಬೂದಿಯ ಮಾತೂ ಕಡಿದ ಎಳೆಯ ಮಾತೂ ಎತ್ತಲಿಲ್ಲ. ಮಗ ದೂರದಲ್ಲಿರುವಾಗ ತಂದೆಯ ಕಿವಿಗೆ ಅಂಥದ್ದು ಯಾಕೆ?

ಚಿನ್ನಕ್ಕ ಮೊಳೆ ಹುಡುಕಿ ತಂದಳು. ಚಿತ್ರವನ್ನು ಮಗ್ಗದ ಮನೆಯ ಗೋಡೆಗೆ, ಅವನು ನೇಯಲು ಕೂರುತ್ತಿದ್ದ ಕುಣಿಯ ಎದುರಿಗೆ ತೂಗುಹಾಕಿದಳು.

ಸೆಪ್ಟೆಂಬರ್ 19, ಶನಿವಾರ

ಈ ಬೀದಿಯಲ್ಲಿ ಬೆಳಗಾದರೆ ಮಗ್ಗದ ಸದ್ದು, ಸಂಜೆಯವರೆಗೂ ಅದೇ. ಈ ಮನೆಯೊಂದೇ ನಡುವೆ ಬಿದ್ದ ಹಲ್ಲಿನಂತೆ ಸುಮ್ಮನಿದೆ. ನಾವೂ ಹುಟ್ಟಿನಿಂದ ನೇಯುವ ಜನವೇ. ಆದರೆ ಅಪ್ಪ ಚಿಕ್ಕಂದಿನಲ್ಲೇ ಮಗ್ಗ ಬಿಟ್ಟು ಚಳ್ಳಕೆರೆಯ ಶಾಲೆಗೆ ಉಪಾಧ್ಯಾಯರಾಗಿ ಹೋದರು. ನನಗೆ ಸೀರೆ ಉಡುವುದು ಗೊತ್ತು, ನೇಯುವುದು ಗೊತ್ತಿಲ್ಲ.

ಪಕ್ಕದ ಮನೆಯ ಪಾಲಮ್ಮ ಬಂದಿದ್ದಳು. ಮಾತು ಅರ್ಧ ತೆಲುಗು, ಅರ್ಧ ಕನ್ನಡ, ನಾಲಿಗೆಗೆ ಬಿಡುವಿಲ್ಲ. ಎರಡೂ ಕೈಯಲ್ಲಿ ಬಣ್ಣ ತೊಟ್ಟಿಕ್ಕುವ ರೇಷ್ಮೆ ಲಡಿಗಳಿದ್ದುದರಿಂದ ಹೊಸಲು ದಾಟದೆ ಅಲ್ಲಿಂದಲೇ ಕತ್ತು ಚಾಚಿದಳು.

“ಏಮಮ್ಮಾ, ಗೋವಿಂದ ಪಟ ಕಳಿಸವ್ನಂತೆ. ಇದ್ರಾಗೆ ದೇವ್ರೆಲ್ಲಿ?”

“ದೇವರ ಪಟ ಅಲ್ಲ ಪಾಲಮ್ಮ. ಬರೀ ಸಾಮಾನು.”

“ದೇವ್ರು ಎದ್ದು ಹೋದ್ಮೇಲೆ ಬರ್ದಿರ್ಬೇಕು ಹಂಗಾರೆ. ನಮ್ಮನೇಗೆ ಬಂದಿದ್ರೆ ಅಟ್ಟದ ಮೇಲಿನ ಸಾಮಾನೂ ತೋರಿಸ್ತಿದ್ದೆ.” ಹೋಗುತ್ತ ತಿರುಗಿದಳು. “ಗಾಡಿ ಯಾವತ್ತು, ಚಳ್ಳಕೆರೆಯಮ್ಮ?”

ಬಂದ ದಿನದಿಂದ ನನ್ನನ್ನು ಕರೆಯುವುದು ಹೀಗೇ. ಓಬಳಮ್ಮ ಎಂಬ ಹೆಸರು ಹೇಳಿಯೂ ಆಯಿತು. ಹಿಂದಿನಿಂದ, ಚಳ್ಳಕೆರೆಯಮ್ಮನಿಗೆ ಇಲ್ಲಿಯ ನೀರೂ ಸೇರುವುದಿಲ್ಲವಂತೆ ಎಂದು ಯಾರಿಗೋ ಹೇಳಿದ್ದು ಕೇಳಿಸಿತು. ನೀರಿನ ವಿಷಯ ನಿಜ.

ಸೆಪ್ಟೆಂಬರ್ 24, ಗುರುವಾರ

ಇವತ್ತು ಮಾತು ಆಗಿಯೇ ಹೋಯಿತು.

ಊಟ ಮಾಡುತ್ತ ಪಾತಣ್ಣ ಹೇಳಿದರು. ಕೆಳಗಿನ ಬೀದಿಯವರೊಬ್ಬರು ಮಗ್ಗಕ್ಕೆ ಜಾಗ ಕೇಳುತ್ತಿದ್ದಾರಂತೆ. ಆಯುಧಪೂಜೆಯ ದಿನ ನಿಂತ ಮಗ್ಗಕ್ಕೆ ಕುಂಕುಮ ಇಡುವುದು ಇವರಿಗೆ ಇಷ್ಟವಿಲ್ಲ. “ಹೋದ್ವರ್ಷ ಇಟ್ಟೆ. ಈ ವರ್ಷ ಆಗಲ್ಲ ಅಮ್ಮಯ್ಯ. ಬರೋನಾದ್ರೆ ಕಾಯ್ತೀನಿ. ಬರದೋನಾದ್ರೆ ಮಗ್ಗ ಬಿಚ್ಚಿ ಜಾಗ ಅವರಿಗೆ ಕೊಡ್ತೀನಿ, ಹುಡುಗೀನ ನೀವು ಕರ್ಕೊಂಡ್ಹೋಗಿ. ನಾನೊಬ್ನು ಹೆಂಗೋ ಇರ್ತೀನಿ.”

ಪಾತ್ರೆ ತೊಳೆಯುತ್ತ ಚಿನ್ನಕ್ಕ ಕೇಳಿದಳು.

“ಅವ್ವ, ಆ ಚಿತ್ರ ಏನ್ ಹೇಳ್ತೈತೆ?”

“ನಿನಗೇನು ಅನ್ನಿಸ್ತೈತೆ?”

“ನನ್ನ ಬಿಡು. ನೀನು ಓದಿದೋಳು. ಎಷ್ಟೋ ಪದಕ್ಕೆ ಅರ್ಥ ಹೇಳಿದೀಯ. ಇದ್ಕೂ ಹೇಳು.”

ಹೇಳಿದೆ. ದೀಪ, ಲಾಳಿ, ಎಳೆ, ಹಣ್ಣು, ಬೂದಿ, ಸಂಜೆ. ಆದಷ್ಟು ಮೆತ್ತಗೆ ಹೇಳಿದೆ. ಹಣ್ಣಿನ ಮಾತು ಬಂದಾಗ ಅವಳು ತಲೆ ಎತ್ತಿ ಏನೋ ಹೇಳಹೊರಟು, ಮತ್ತೆ ತಟ್ಟೆ ಉಜ್ಜತೊಡಗಿದಳು.

“ಬರಲ್ಲ ಅಂತ ಹೇಳ್ತೈತೆ, ಅಲ್ವಾ?”

“ಹೌದು ಮಗ.”

ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದಳು. “ಹಂಗಾರೆ ಹಬ್ಬ ಮುಗಿಸಿ ಹೊರಡಾನ,” ಎಂದಳು. ಅಳಲಿಲ್ಲ. ಮಧ್ಯಾಹ್ನ ನೋಡಿದರೆ ಪೆಟ್ಟಿಗೆಯಲ್ಲಿ ನಾಲ್ಕು ಸೀರೆ ಮಡಿಸಿಟ್ಟಿದ್ದಳು.

ನಾನು ಬಂದದ್ದೇ ಇದಕ್ಕೆ. ಕೆಲಸ ಆಯಿತು. ಊಟ ಯಾಕೋ ಸೇರಲಿಲ್ಲ, ನವಣೆ ಅನ್ನ ಹೆಚ್ಚು ಬೆಂದಿತ್ತು.

ಅಕ್ಟೋಬರ್ 1, ಗುರುವಾರ

ಇದನ್ನು ಬರೆಯುವುದು ಕಷ್ಟ, ಆದರೂ ಬರೆದುಬಿಡುತ್ತೇನೆ.

ಹೊರಡುವ ಮೊದಲು ಬೀಗರಿಗೆ ಮಗ್ಗದ ಮನೆಯನ್ನಾದರೂ ಶುಚಿ ಮಾಡಿಕೊಡೋಣವೆಂದು ಬೆಳಿಗ್ಗೆ ಪೊರಕೆ ಹಿಡಿದೆ. ಚಿನ್ನಕ್ಕ ನೀರಿಗೆ ಹೋಗಿದ್ದಳು, ಪಾತಣ್ಣ ಜಗಲಿಯಲ್ಲಿದ್ದರು. ಜೇಡರಬಲೆ ತೆಗೆದೆ, ಕುಣಿ ಗುಡಿಸಿದೆ. ಮಗ್ಗದ ಅಚ್ಚಿನಿಂದ, ಅಂದರೆ ಆ ಬಾಚಣಿಗೆಯಂಥ ಪಟ್ಟಿಯಿಂದ, ಮೊಳದುದ್ದದ ಎಳೆಗಳು ಧೂಳು ಹಿಡಿದು ಜೋತುಬಿದ್ದಿದ್ದವು. ಸೀರೆ ಕತ್ತರಿಸಿಕೊಂಡ ಮೇಲೆ ಉಳಿದ ಕಸವೆಂದುಕೊಂಡು, ಹಿಡಿಹಿಡಿಯಾಗಿ ಗಂಟು ಕತ್ತರಿಸಿ ಎಳೆದು ಬುಟ್ಟಿಗೆ ಹಾಕುತ್ತ ಹೋದೆ. ಸುಲಭವಾಗಿ ಬಂದವು. ಒಂದು ಮಗ್ಗುಲು ಪೂರ್ತಿ ಮುಗಿದಿತ್ತು.

“ಕೈ ತೆಗೀರಿ.”

ಬಾಗಿಲಲ್ಲಿ ಪಾಲಮ್ಮ. ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

“ಕಸ ತೆಗೀತಿದ್ದೆ ಪಾಲಮ್ಮ.”

“ಕಸ ಅಲ್ಲ ಅದು.” ಒಳಗೆ ಬಂದು ಬುಟ್ಟಿಯ ಮುಂದೆ ಕುಕ್ಕರಿಸಿದಳು. “ಮಗ್ಗಕ್ಕೆ ಏರಿಸಿದ ಉದ್ದದ ಹಾಸು ನೇಯ್ದು ಮುಗಿದ್ರೂ ತುದಿ ಎಳೆ ಅಚ್ಚಿನಾಗೇ ಬಿಟ್ಟಿರ್ತೀವಿ. ಹೊಸ ಹಾಸು ಬಂದಾಗ ಹಳೇ ಎಳೆಗೆ ಹೊಸ ಎಳೆ ಹೊಸೆದು ಎಳ್ಕಂಡ್ರೆ ಒಳಗೆ ಹೋಗ್ತೈತೆ. ಇಲ್ದಿದ್ರೆ ಎಲ್ಡು ಸಾವ್ರಕ್ಕೂ ಮೇಲೆ ಎಳೆ, ಒಂದೊಂದೇ ಪೋಣಿಸ್ಬೇಕು. ಮಗ್ಗ ಬಿಡೋನು ಎಳೆ ಕಿತ್ತಾಕಿ ಹೋಗ್ತಾನೆ. ತಿರುಗಿ ಬರೋನು ಬಿಟ್ಟು ಹೋಗ್ತಾನೆ. ಗೋವಿಂದ ಬಿಟ್ಟು ಹೋಗಿದ್ದ.”

ನನ್ನ ಕಣ್ಣು ಗೋಡೆಯ ಕಡೆ ಹೋಯಿತು. ಅವಳೂ ತಿರುಗಿ ನೋಡಿದಳು. ಎದ್ದು ಚಿತ್ರದ ಹತ್ತಿರ ಹೋದಳು. ಹೊಸಲಾಚೆಯಿಂದ ಕಂಡದ್ದು ಬಿಟ್ಟರೆ ಅವಳು ಅದನ್ನು ನೋಡಿದ್ದು ಇದೇ ಮೊದಲು.

“ಅಲ್ರೀ, ಇದ್ರಾಗೂ ಅದನ್ನೇ ಬರ್ದವ್ನೆ. ನೋಡಿ, ಅಚ್ಚು. ಎಳೆ. ಬೂದಿ.”

“ಬೂದಿ ಯಾಕೆ?”

“ರೇಷ್ಮೆ ಜಾರ್ತೈತಲ್ಲ. ಹೊಸೆಯೋವಾಗ ಬೆರಳಿಗೆ ಬೂದಿ ಮುಟ್ಟಿಸ್ಕಂತೀವಿ. ಪ್ರತಿ ಮನೇಲೂ ಒಂದು ಚಿಪ್ಪು ಇರ್ತೈತೆ. ನೀವೇನಂದ್ಕಂಡ್ರಿ?”

ಹೇಳಿದೆ.

“ಸನ್ಯಾಸನಾ? ಗೋವಿಂದನಾ?” ಅವಳು ಮಗ್ಗದ ಕಟ್ಟೆಯ ಮೇಲೆ ಕೂತೇಬಿಟ್ಟಳು. ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡಳು. “ಚಟ್ನಿ ಇಲ್ದೆ ಒಂದು ತುತ್ತು ಮುದ್ದೆ ನುಂಗ್ದೋನಲ್ಲ ಅವ್ನು.”

ನಾನು ಸೋಲೊಪ್ಪದೆ ಕೇಳಿದೆ. “ದೀಪ ಹಚ್ಚಿಲ್ಲವಲ್ಲ?”

“ಈ ಮನೇಲಿ ಮೊದಲ್ನೇ ಎಳೆ ಸೇರಿಸಿದ್ಮೇಲೇ ಹಚ್ಚೋದು. ಪಾತಣ್ಣನ ಅಪ್ಪನ ಕಾಲದಿಂದ ಹಂಗೇ. ಲಾಳೀಲಿ ನೂಲಿಲ್ಲ, ಸರಿ, ಹಾಸೇ ಏರಿಲ್ದಾಗ ನೂಲ್ಯಾಕೆ?”

“ಸಂಜೆಯ ಬೆಳಕು?”

“ಯಾವ ಸಂಜೆ? ಈ ಬೀದಿ ಮಗ್ಗದ ಕಿಟಕಿ ಎಲ್ಲಾ ಮೂಡಲಿಗೆ.”

ಕಿಟಕಿ ನೋಡಿದೆ. ಎಂಟು ಗಂಟೆಯ ಬಿಸಿಲು ಓರೆಯಾಗಿ, ಎಡಗಡೆಯಿಂದ ಒಳಗೆ ಬರುತ್ತಿತ್ತು. ಹದಿನೈದು ದಿನದಿಂದ ಇದೇ ಕೋಣೆಯಲ್ಲಿ ನಿಂತು ಸಂಜೆ, ಸಂಜೆ ಎನ್ನುತ್ತಿದ್ದೇನೆ.

ಚಿನ್ನಕ್ಕ ಬಿಂದಿಗೆ ಇಳಿಸಿ ಒಳಗೆ ಬಂದಳು. ಬುಟ್ಟಿ ನೋಡಿದಳು, ಅಚ್ಚು ನೋಡಿದಳು. ಪಾಲಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿ ಹೊರಟುಹೋದಳು.

“ನಿನಗೆ ಗೊತ್ತಿತ್ತಾ, ಬೂದಿ ಏನಕ್ಕೆ ಅಂತ?”

“ಗೊತ್ತಿತ್ತು ಅವ್ವ. ಐದು ವರ್ಷ ಆಯ್ತಲ್ಲ ಈ ಮನೇಲಿ.”

“ಮತ್ತೆ ಯಾಕೆ ಹೇಳಲಿಲ್ಲ?”

“ನೀನು ಅಷ್ಟು ಚಂದ ಅರ್ಥ ಹೇಳಿದೆ. ಒಂದಕ್ಕೊಂದು ಹೊಂದ್ತು. ನಾನು ಅಂದ್ಕಂಡಿದ್ದು ಬರೀ ನನ್ನ ಆಸೆ ಏನೋ ಅನ್ನಿಸ್ತು.”

ಬೈದಿದ್ದರೆ ಚೆನ್ನಾಗಿತ್ತು.

ಅಕ್ಟೋಬರ್ 2, ಶುಕ್ರವಾರ

ಪಾತಣ್ಣನವರಿಗೆ ನಾನೇ ಹೇಳಿದೆ, ಎಲ್ಲವನ್ನೂ. ಚಿತ್ರದಲ್ಲಿ ಇರುವುದನ್ನೂ, ನಾನು ಮುಚ್ಚಿಟ್ಟದ್ದನ್ನೂ, ಕತ್ತರಿಸಿದ್ದನ್ನೂ. ಅವರು ಕೋಲಿನಿಂದ ನೆಲ ಕೆರೆಯುತ್ತ ಕೇಳಿದರು.

“ಅಚ್ಚು ಐತಾ ಚಿತ್ರದಾಗೆ? ಎಳೆ ಸಮೇತ?”

“ಐತೆ ಅಣ್ಣಾ.”

“ದೀಪ ಐತೆ, ಹಣ್ಣು ಐತೆ ಅಂದ್ರಲ್ಲ ಅವತ್ತು. ಬೂದಿ ಅಂದಿದ್ರೆ ಅವತ್ತೇ ಹೇಳ್ತಿದ್ದೆ.” ಕೋಲು ಪಕ್ಕಕ್ಕಿಟ್ಟು, “ಎಷ್ಟು ಹೋಯ್ತು?”

“ಒಂದು ಮಗ್ಗುಲು.”

“ಉಳಿದದ್ದು ಐತಲ್ಲ. ಹೋದದ್ದು ಪೋಣಿಸಾನ. ನಂಗೆ ಕಣ್ಣಿಲ್ಲ, ಬೆರಳೈತೆ. ನಿಮಗೆ?”

ನನಗೆ ಕಣ್ಣಿದೆ, ಬೆರಳಿಲ್ಲ ಎಂದೆ. ಸಾಕು ಎಂದರು.

ಅಕ್ಟೋಬರ್ 4, ಭಾನುವಾರ. ಆಯುಧಪೂಜೆ

ಮಗ್ಗ ಬಿಚ್ಚಲಿಲ್ಲ. ಪಾತಣ್ಣ ಕುಂಕುಮ ಇಟ್ಟರು. ಗೋವಿಂದಪ್ಪ ಹೋಗುವ ಮುಂಚೆಯೇ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದ ಹಾಸನ್ನು ಹೊರಗೆ ತೆಗೆದರು, ಅದೂ ಕೆಂಪು. ಕೆಳಗಿನ ಬೀದಿಯವರು ಬಂದು ನೋಡಿಕೊಂಡು ಹೋದರು. ಚಿನ್ನಕ್ಕ ಹೋಳಿಗೆ ಮಾಡಿದಳು. ಪೆಟ್ಟಿಗೆಯೊಳಗಿನ ನಾಲ್ಕು ಸೀರೆ ಇನ್ನೂ ಹಾಗೇ ಇವೆ, ನಾನು ಕೇಳಲಿಲ್ಲ.

ಅಕ್ಟೋಬರ್ 7, ಬುಧವಾರ

ಮೂರು ದಿನಕ್ಕೆ ಇನ್ನೂರು ಎಳೆಯೂ ಆಗಿಲ್ಲ. ಮಗ್ಗದ ಹಿಂದೆ ನಾನು, ಮುಂದೆ ಪಾತಣ್ಣ. ನಾನು ಒಂದು ಎಳೆ ಆರಿಸಿ ದಾರದ ಕುಣಿಕೆಯೊಳಗೆ ತೂರಿಸಿ ಕೊಡಬೇಕು. ಅವರು ಅಚ್ಚಿನ ಹಲ್ಲಿನ ಸಂದಿಯಿಂದ ಕೊಕ್ಕೆ ಹಾಕಿ ಎಳೆದುಕೊಳ್ಳುತ್ತಾರೆ. ಒಂದು ತಪ್ಪಿದರೆ ಅದರ ಮುಂದಿನದೆಲ್ಲ ತಪ್ಪು. ಇವತ್ತು ಅರವತ್ತು ಎಳೆ ಬಿಚ್ಚಿ ಮತ್ತೆ ಹಾಕಿದೆವು. ನನ್ನ ತಪ್ಪೇ.

“ಪದ ಹೇಳ್ರಿ ಅಮ್ಮಯ್ಯ, ಬೆರಳಿಗೆ ನಿದ್ದೆ ಬರ್ತೈತೆ,” ಎಂದರು. ನೆನಪಿದ್ದಷ್ಟು ಹೇಳಿದೆ. ಎಳೆ ಬಂದಾಗ ನಿಲ್ಲಿಸುವುದು, ಹೋದಾಗ ಮುಂದುವರಿಸುವುದು. ಒಂದು ಪದ ಮುಗಿಯಲು ಅರ್ಧ ಬೆಳಗು ಹಿಡಿಯಿತು. ಹೀಗೆ ಹೇಳಿದಾಗಲೇ ಚೆನ್ನಾಗಿದೆ.

ಅಕ್ಟೋಬರ್ 13, ಮಂಗಳವಾರ

ಆರುನೂರ ಇಪ್ಪತ್ತು. ಕುತ್ತಿಗೆ ನೋವು. ಮುದ್ದೆ ಎರಡು ತಿಂದೆ.

ಅಕ್ಟೋಬರ್ 16, ಶುಕ್ರವಾರ

ಮಗ್ಗುಲು ಮುಗಿಯಿತು.

ಅಕ್ಟೋಬರ್ 21, ಬುಧವಾರ

ಉಳಿದ ಎಳೆಗಳನ್ನು ಹೊಸೆಯಲು ಪಾಲಮ್ಮ ಬಂದಳು. ತನ್ನ ಮನೆಯ ಚಿಪ್ಪು ತಂದಿದ್ದಳು, ಒಲೆಯ ಬೂದಿ, ಬಟ್ಟೆಯಲ್ಲಿ ಜರಡಿ ಹಿಡಿದದ್ದು. ಹೆಬ್ಬೆರಳು, ತೋರುಬೆರಳಿಗೆ ತುಸು ಮುಟ್ಟಿಸಿ, ಹಳೆಯ ತುದಿ ಹೊಸ ತುದಿ ಜೊತೆಗಿಟ್ಟು ಒಂದೇ ತಿರುವು. ಅವಳು ಹೊಸೆದದ್ದು ಕಣ್ಣಿಗೆ ಕಾಣುವುದೇ ಇಲ್ಲ. ನನ್ನದು ಮೊದಲ ಇಪ್ಪತ್ತು ಬಿಚ್ಚಿಕೊಂಡವು.

“ಬೂದಿ ಜಾಸ್ತಿ ಆಯ್ತು ಚಳ್ಳಕೆರೆಯಮ್ಮ. ನೀವೇ ಸನ್ಯಾಸಕ್ಕೆ ಹೊರಟಂಗೆ ಐತೆ.”

ಈ ಮಾತನ್ನು ಅವಳು ಇಡೀ ಬೀದಿಗೆ ಹೇಳಿದ್ದಾಳೆ. ಬಾವಿಯ ಹತ್ತಿರ ಹೆಂಗಸರು ನನ್ನ ನೋಡಿ ನಗುತ್ತಾರೆ, ನನಗೂ ನಗು ಬರುತ್ತದೆ.

ಸಂಜೆಗೆ ಬೆರಳು ಕಪ್ಪಾಗಿತ್ತು. ತೊಳೆಯುವುದು ಮರೆತು ಹಾಗೇ ರೊಟ್ಟಿ ತಟ್ಟಲು ಕೂತೆ, ಚಿನ್ನಕ್ಕ ಎಬ್ಬಿಸಿ ಕಳಿಸಿದಳು.

ಮೊದಲ ಎಳೆ ಸೇರಿದಾಗ ದೀಪ ಹಚ್ಚಿದ್ದು ಬರೆಯಲು ಮರೆತೆ. ಚಿನ್ನಕ್ಕನೇ ಹಚ್ಚಿದಳು.

ಅಕ್ಟೋಬರ್ 24, ಶನಿವಾರ

ಸಿದ್ದಾಪುರದ ಗುಡ್ಡದಿಂದ ಸೀತಾಫಲದ ಬುಟ್ಟಿ ಹೊತ್ತು ಜುಂಜಮ್ಮ ಎಂಬ ಮುದುಕಿ ಬಂದಿದ್ದಳು. ಚಿನ್ನಕ್ಕ ಒಂದು ಹಣ್ಣು ಒಡೆದು ಒಂದು ಹೋಳು ತಿಂದಳು, ಇನ್ನೊಂದನ್ನು ತಟ್ಟೆಯಲ್ಲಿ ಮುಚ್ಚಿಟ್ಟಳು.

“ಅದ್ಯಾರಿಗೆ?”

“ಯಾರಿಗೂ ಇಲ್ಲ. ಅಭ್ಯಾಸ.”

“ಚಿತ್ರದಾಗೂ ಹಿಂಗೇ ಐತೆ. ಏನದರ ಅರ್ಥ?”

“ಅದು ಬಿಡವ್ವ,” ಎಂದು ನಕ್ಕಳು. ಕಿವಿಯವರೆಗೂ ಕೆಂಪಾದಳು. ಬಿಟ್ಟೆ.

ಮಧ್ಯಾಹ್ನ ಮುಚ್ಚಿಟ್ಟ ಹೋಳನ್ನೂ ಅವಳೇ ತಿಂದಳು. ಪೆಟ್ಟಿಗೆಯ ಸೀರೆಗಳು ಬಟ್ಟೆ ಹಾಕುವ ಗಳುವಿನ ಮೇಲೆ ಮತ್ತೆ ಬಂದಿವೆ.

ಅಕ್ಟೋಬರ್ 28, ಬುಧವಾರ

ಮದರಾಸಿನಿಂದ ಕಾರ್ಡು. ಅವನದೇ ಕೈ. ಅಕ್ಷರಗಳು ಮುಳ್ಳಿನ ಬೇಲಿ ಹಾಕಿದ ಹಾಗೆ ಇವೆ. ಮೊದಲಿನ ಕಾಗದಗಳನ್ನೆಲ್ಲ ಜೊತೆಗಿದ್ದ ಸ್ನೇಹಿತ ಬರೆದುಕೊಡುತ್ತಿದ್ದನಂತೆ, ಅವನು ಊರಿಗೆ ಹೋಗಿ ಐದಾರು ತಿಂಗಳಾಯಿತಂತೆ. ಇಷ್ಟೇ 'ಯಾಕೆ ಬರೆಯಲಿಲ್ಲ' ಎಂಬುದರ ಒಳಗುಟ್ಟು. ‘ಚಿತ್ರ ಮುಟ್ಟಿತಾ. ಸಂಕ್ರಾಂತಿ ಒಳಗೆ ಬರುತ್ತೀನಿ. ಅಚ್ಚಿನಾಗೆ ಎಳೆ ಹಂಗೇ ಐತಾ.’

ಉತ್ತರ ನೀನೇ ಬರಿ ಎಂದಳು ಚಿನ್ನಕ್ಕ. ಹಾಗೇ ಇದೆ ಎಂದು ಬರೆದುಬಿಡಲು ಕೈ ಹೋಯಿತು. ಕೊನೆಗೆ ಬರೆದೆ: ಮುಕ್ಕಾಲು ಹಾಗೇ ಇತ್ತು, ಉಳಿದದ್ದನ್ನು ನಾನು ಕಿತ್ತಿದ್ದೆ, ಮತ್ತೆ ಹಾಕಿದ್ದೇವೆ, ಎಲ್ಲಾದರೂ ತಪ್ಪಿದ್ದರೆ ಬಂದು ನನ್ನನ್ನೇ ಬೈಯುವುದು.

ಹಚ್ಚದ ದೀಪದ ಪದದ ಉಳಿದ ಅರ್ಧ ಇನ್ನೂ ನೆನಪಾಗಿಲ್ಲ. ಪಾತಣ್ಣನವರಿಗೆ ಮೊದಲರ್ಧವನ್ನೇ ಎರಡು ಸಲ ಹಾಡಿದೆ. ಉಳಿದರ್ಧ ಎಲ್ಲಿ ಎಂದು ಅವರು ಕೇಳಲಿಲ್ಲ.

ನವೆಂಬರ್ 2, ಸೋಮವಾರ

ಬೆಳಿಗ್ಗೆ ಏಳಕ್ಕೆ ಮಗ್ಗ ಆಡಿತು. ಪಾತಣ್ಣ ಕುಣಿಯಲ್ಲಿ ಕೂತರು, ಪಕ್ಕದಲ್ಲಿ ಚಿನ್ನಕ್ಕ, ಅವರ ಕಣ್ಣಿಗೆ ಬದಲಾಗಿ. ನಾನು ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತಿಕೊಟ್ಟೆ. ಈಗ ಕೈ ತಾನಾಗಿ ಓಡುತ್ತದೆ, ನೋಡಬೇಕಾಗಿಲ್ಲ. ಗೇಣುದ್ದ ಕೆಂಪು ಬಟ್ಟೆ ಆಯಿತು. ನಾನು ಹಾಕಿದ ಮಗ್ಗುಲಲ್ಲಿ ಒಂದು ಕಡೆ ಸಣ್ಣ ಗೆರೆ ಬಿದ್ದಿದೆ. ಎರಡು ಎಳೆ ಒಂದೇ ಸಂದಿಯಲ್ಲಿ ಹೋಗಿರಬೇಕು. ಪಾತಣ್ಣ ಬೆರಳಾಡಿಸಿ, ಇರಲಿ, ಗುರುತಿಗೆ ಎಂದರು.

ಗೋಡೆಯ ಚಿತ್ರದ ಮೇಲೆ ರೇಷ್ಮೆಯ ನಾರು ಕೂತಿತ್ತು, ಒರೆಸಿದೆ. ಬಿಸಿಲು ಅದರ ಮೇಲೆ ಬೀಳುವುದು ಎಂಟರ ಸುಮಾರಿಗೆ. ಆಗ ಯಾವುದು ಕಿಟಕಿಯ ಬಿಸಿಲು, ಯಾವುದು ಅವನು ಬರೆದದ್ದು ಎಂದು ಸ್ವಲ್ಪ ಹೊತ್ತು ತಿಳಿಯುವುದಿಲ್ಲ. ದೀಪ ದೀಪದ ಹಾಗೇ ಇದೆ, ಬೂದಿ ಬೂದಿಯ ಹಾಗೆ.

ಅಷ್ಟರಲ್ಲಿ ಪಾಲಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಖಾಲಿ ಕಂಡಿಕೆಗಳ ಮೊರ. ಹೊಸಲ ಮೇಲೆ ಇಟ್ಟು, ಇವನ್ನೂ ಹಾಗೇ ಸುತ್ತಿಡಿ ಓಬಳಮ್ಮ, ಸಂಜೆಗೆ ತಗೊಂಡು ಹೋಗ್ತೀನಿ ಎಂದು ತಿರುಗಿದವಳು, ಎರಡು ಹೆಜ್ಜೆ ಹೋಗಿ ನಿಂತಳು.

“ಹಾಂ, ಗಾಡಿಯೋನು ಬೀದಿ ತುದೀಲಿ ಕೇಳ್ತಿದ್ದ, ಚಳ್ಳಕೆರೆಯಮ್ಮ ಹೊರಡ್ತಾರಾ ಅಂತ. ಹಂಗಂತ ಈ ಬೀದೀಲಿ ಯಾರೂ ಇಲ್ಲಪ್ಪ ಅಂತ ಹೇಳಿ ಕಳಿಸ್ದೆ.”